ನೀಲಕ್ಕನ ಕೈಯ ಸಿಹಿ

ಆ ದಿನಗಳು ಚೆನ್ನಾಗಿದ್ದವು ಎಂದು ಯಾರಾದರೂ ಮಾತು ತೆಗೆದರೆ, ಯಾರಿಗೆ ಎಂದು ನಾನು ಕೇಳಿಬಿಡುತ್ತೇನೆ. ಕಾಲೇಜಿನ ಚರ್ಚಾಕೂಟದಲ್ಲಿ ಅಂಟಿಕೊಂಡ ಚಟ ಇದು, ಇನ್ನೂ ಬಿಟ್ಟಿಲ್ಲ. ಹಾಗಾಗಿ ನನ್ನ ಮಾತಿಗೂ ಅದೇ ಪ್ರಶ್ನೆ ಹಾಕಿಕೊಂಡೇ ಹೇಳುತ್ತೇನೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಆ ಬೇಸಿಗೆ, ಕಾಕ್ಸ್‌ಟೌನಿನ ಆ ಹಿತ್ತಲು, ನನಗೆ ಚೆನ್ನಾಗಿತ್ತು. ನಮ್ಮ ನೀಲಕ್ಕನಿಗೂ ಚೆನ್ನಾಗಿತ್ತು, ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನದವರೆಗೆ.

ನಾವು ಐರಿನ್ ಆಂಟಿಯ ಮನೆಯ ಹಿಂದಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆವು. ಮುಂದೆ ಅವರ ಹೆಂಚಿನ ಮನೆ, ನಡುವೆ ಬಟ್ಟೆ ಒಗೆಯುವ ಕಲ್ಲು, ಒಂದು ಸೀಬೆ ಗಿಡ, ಹಿಂದೆ ನಾವು. ಅಪ್ಪ ಸೇಡಂ ಕಡೆಯ ಹಳ್ಳಿಯಿಂದ ಕಲ್ಲು ಕೆಲಸಕ್ಕೆ ಬಂದು ಮೇಸ್ತ್ರಿಯಾದವನು, ಆಗ ಸಿ.ವಿ. ರಾಮನ್ ನಗರದಲ್ಲಿ ಏಳುತ್ತಿದ್ದ ಮನೆಗಳಿಗೆ ಪಾಯ ಹಾಕುತ್ತಿದ್ದ. ಅವ್ವ ಜೋಳದ ರೊಟ್ಟಿ ಬಡಿದು, ನಮ್ಮ ಕಡೆಯಿಂದ ಬಂದು ತಿಪ್ಪಸಂದ್ರದ ರೂಮುಗಳಲ್ಲಿ ತುಂಬಿಕೊಂಡಿದ್ದ ಹುಡುಗರಿಗೆ ಕಳಿಸುತ್ತಿದ್ದಳು. ಬೆಳಿಗ್ಗೆ ನಮ್ಮ ಕಡೆಯಿಂದ ರೊಟ್ಟಿ ಬಡಿಯುವ ಸದ್ದು, ಹಂಚಿನ ಮೇಲೆ ಸೀಯುವ ಹಿಟ್ಟಿನ ಘಾಟು. ಆಂಟಿಯ ಅಡುಗೆಮನೆ ಕಿಟಕಿಯಿಂದ ಬೆಣ್ಣೆ, ವೆನಿಲಾ. ಎರಡೂ ಸೀಬೆ ಗಿಡದ ಹತ್ತಿರ ಕೂಡಿಕೊಳ್ಳುತ್ತಿದ್ದವು. ಅದು ಎಂಥ ವಾಸನೆ ಎಂದು ಎಷ್ಟು ಹೇಳಿದರೂ ನಿಮ್ಮನ್ನು ಒಪ್ಪಿಸಲಾರೆ. ನನಗೆ ಮಾತ್ರ ಮನೆಯ ವಾಸನೆ ಎಂದರೆ ಅದೇ.

ಐರಿನ್ ಆಂಟಿ ನರ್ಸರಿ ಶಾಲೆಯ ಕೆಲಸ ಮುಗಿಸಿ, ಮನೆಯಲ್ಲೇ ಕೇಕು ಮಾಡಿ ಚರ್ಚಿನ ಪರಿಚಯದವರಿಗೆ ಕೊಡುತ್ತಿದ್ದರು. ಅವರ ಓವನ್ನು ನೀವೂ ಯಾರದಾದರೂ ಮನೆಯಲ್ಲಿ ನೋಡಿರುತ್ತೀರಿ. ಅಲ್ಯೂಮಿನಿಯಂನ ದುಂಡು ಡಬ್ಬಿ, ಮುಚ್ಚಳದ ನಡುವೆ ಒಂದು ಗಾಜಿನ ಕಣ್ಣು. ಪಿ.ಯು.ಸಿ. ಮುಗಿಸಿ ಮನೆಯಲ್ಲಿದ್ದ ನೀಲಕ್ಕ ದಿನಾ ಮಧ್ಯಾಹ್ನ ಆಂಟಿಗೆ ಸಹಾಯಕ್ಕೆ ಹೋಗುತ್ತಿದ್ದಳು. ಶುರುವಿನಲ್ಲಿ ಪಾತ್ರೆ ತೊಳೆದು ಹಿಟ್ಟು ಜರಡಿ ಹಿಡಿಯುವುದಷ್ಟೇ. ಆಮೇಲೆ ಆಂಟಿಗೇ ಅನುಮಾನ ಬಂತು, ಈ ಹುಡುಗಿ ಮುಟ್ಟಿದರೆ ಹಿಟ್ಟು ಹೇಳಿದ ಮಾತು ಕೇಳುತ್ತದೆ ಎಂದು. ತಕ್ಕಡಿಗೆ ಹಾಕುವ ಮೊದಲೇ ಅಕ್ಕ ಕೈಯಲ್ಲಿ ತೂಗಿ, ಸ್ವಲ್ಪ ಕಮ್ಮಿ ಅದ ಆಂಟಿ ಅನ್ನುತ್ತಿದ್ದಳು. ಕಮ್ಮಿಯೇ ಇರುತ್ತಿತ್ತು.

ನಮ್ಮ ಮನೆಯಲ್ಲಿ ಮೊಟ್ಟೆ ನಡೆಯುತ್ತಿರಲಿಲ್ಲ. ಹಾಗಾಗಿ ಅಕ್ಕ ಮಾಡಿದ ಕೇಕನ್ನು ನಾವು ತಿನ್ನುವಂತಿರಲಿಲ್ಲ, ಅವಳೂ ರುಚಿ ನೋಡುತ್ತಿರಲಿಲ್ಲ. ಇದು ಆಂಟಿಗೆ ಅನ್ಯಾಯವಾಗಿ ಕಂಡಿತು. ಪ್ಲಮ್ ಹಣ್ಣಿನ ಕಾಲ ಬಂದಾಗ ಶಿವಾಜಿನಗರದ ಮಾರ್ಕೆಟ್ಟಿನಿಂದ ಗುಡ್ಡೆ ಲೆಕ್ಕದಲ್ಲಿ ಮೆತ್ತಗಾದ ಹಣ್ಣು ತಂದು, ಕಾಬ್ಲರ್ ಮಾಡೋಣ ಎಂದರು. ಅಡಿಯಲ್ಲಿ ಸಕ್ಕರೆ ಹಾಕಿದ ಹಣ್ಣು, ಮೇಲೆ ಬೆಣ್ಣೆ ಹಿಟ್ಟಿನ ಮುದ್ದೆಗಳು, ಬೆಂದ ಮೇಲೆ ಬಿಸಿ ಕಸ್ಟರ್ಡು. ಮೊಟ್ಟೆ ಬೇಡ.

ಮೊದಲ ಸಲ ಅಕ್ಕ ಮಾಡಿದ ತಪ್ಪನ್ನು ರೊಟ್ಟಿ ಬಡಿಯುವವಳ ಮಗಳಷ್ಟೇ ಮಾಡಲು ಸಾಧ್ಯ. ಹಿಟ್ಟನ್ನು ಚಮಚದಿಂದ ಹಾಗೇ ಹಾಕಿಬಿಡು ಎಂದಿದ್ದರು ಆಂಟಿ. ಅಕ್ಕನ ಕೈಗೆ ಅದು ಒಗ್ಗಲಿಲ್ಲ. ಹಿಟ್ಟನ್ನು ಒಟ್ಟು ಮಾಡಿ, ನೀರು ಸವರಿ, ಅಂಗೈಯಲ್ಲಿ ಬಡಿದು, ಚಂದ್ರನ ಹಾಗೆ ದುಂಡಗೆ ಮಾಡಿ ಹಣ್ಣಿನ ಮೇಲೆ ಹೊದಿಸಿದಳು. ಅಂಚನ್ನು ಬೆರಳಿನಿಂದ ಒತ್ತಿ ಮುಚ್ಚಿದಳು. ಒಂದು ಬಿರುಕಿಲ್ಲ. ಓವನ್ನಿನ ಗಾಜಿನ ಕಣ್ಣಿಗೆ ನಾವಿಬ್ಬರೂ ಹಣೆ ಹಚ್ಚಿಕೊಂಡು ನೋಡುತ್ತಿದ್ದಂತೆ ಅದು ಪೂರಿಯಂತೆ ಉಬ್ಬಿತು, ಉಬ್ಬುತ್ತಲೇ ಹೋಯಿತು, ಕಡೆಗೆ ನಡುಮಧ್ಯೆ ಒಡೆದು ಕೆಂಪು ರಸ ಚಿಮ್ಮಿ ಗಾಜೆಲ್ಲ ರಾಡಿಯಾಯಿತು.

ಆಂಟಿ ಕುರ್ಚಿಯಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು.

"ರೊಟ್ಟಿ ಅಲ್ಲಮ್ಮಾ ಇದು. ನೀಟಾಗಿ ಮಾಡ್ಬೇಡ. ಪ್ಲಾಪ್ ಪ್ಲಾಪ್ ಅಂತ ಹಾಕ್ಬಿಟ್ಟು ಕೈ ತೆಗಿ. ಮಧ್ಯೆ ಮಧ್ಯೆ ಜಾಗ ಬಿಡು, ಹಣ್ಣಿಗೆ ಉಸಿರು ಬೇಡ್ವಾ?"

ಕೈ ತೆಗೆಯುವುದನ್ನು ಕಲಿಯಲು ಅಕ್ಕನಿಗೆ ವಾರವೇ ಹಿಡಿಯಿತು. ಕಲಿತ ಮೇಲೆ ಅದಕ್ಕೆ ತನ್ನದೂ ಒಂದಷ್ಟು ಸೇರಿಸಿದಳು. ಮೈದಾದಲ್ಲಿ ಒಂದು ಹಿಡಿ ತೆಗೆದು ಅಷ್ಟೇ ಜೋಳದ ಹಿಟ್ಟು ಹಾಕಿದಳು, ಹಾಲಿನ ಬದಲು ಹುಳಿ ಮಜ್ಜಿಗೆ. ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ ಉಜ್ಜಿ ಹಿಟ್ಟು ರವೆಯಂತಾದ ಮೇಲೆ ಮಜ್ಜಿಗೆ ಚಿಮುಕಿಸುತ್ತಿದ್ದಳು. ಬೆಂದಾಗ ಮುದ್ದೆಗಳ ಮೇಲ್ಮೈ ಗರಿಗರಿ, ಒಳಗೆ ಹತ್ತಿ, ಅಡಿಯಲ್ಲಿ ಹುಳಿಸಿಹಿ ಕೆಂಪು. ಆಂಟಿ ಒಂದು ತುತ್ತು ತಿಂದು ಸುಮ್ಮನಾದರು. ಮಾತು ನಿಲ್ಲದ ಹೆಂಗಸು ಅವರು. ಸುಮ್ಮನಾದದ್ದೇ ಸರ್ಟಿಫಿಕೇಟು.

ಅಪ್ಪ ಸಂಜೆ ಕೆಲಸದಿಂದ ಬಂದವನು ತಟ್ಟೆಯನ್ನು ದೀಪದ ಕೆಳಗೆ ಹಿಡಿದು ನೋಡಿ, ಇದೇನಿದು, ಕೆಮ್ಮಣ್ಣಾಗ ಗುಂಡಗಲ್ಲು ಇಟ್ಟು ಪಾಯ ತುಂಬಿಸಿದಂಗ ಅದಲ್ಲ ಎಂದ. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಪಾಯ. ಕಾಬ್ಲರ್ ಎಂದು ಅವ್ವ ಒಮ್ಮೆಯೂ ಅಂದವಳಲ್ಲ.

ಅವ್ವನ ತಕರಾರು ಕಸ್ಟರ್ಡಿನ ಮೇಲಿತ್ತು. ಅಷ್ಟು ಹಳದಿ ಬಣ್ಣ ಎಲ್ಲಿಂದ ಬಂತು, ಖಂಡಿತ ಮೊಟ್ಟೆಯೇ ಎಂದು ಹಟ ಹಿಡಿದಳು. ನಾನು ಡಬ್ಬಿ ತಂದು, ಹಿಂದೆ ಅಚ್ಚಾದದ್ದನ್ನು ಗಟ್ಟಿಯಾಗಿ ಓದಿ, ಇದು ಬರೀ ಮೆಕ್ಕೆಜೋಳದ ಹಿಟ್ಟು, ಬಣ್ಣ, ವಾಸನೆ, ಬೇಕಿದ್ದರೆ ಸ್ಕೂಲಿನ ಮಿಸ್ಸಿಗೆ ತೋರಿಸೋಣ ಎಂದೆ. ಅವ್ವ ಒಪ್ಪಿದಳು. ನನ್ನ ಬದುಕಿನ ಮೊದಲ ಗೆಲುವು ಅದು, ಹತ್ತನೆಯ ವಯಸ್ಸಿನಲ್ಲಿ. ಸಾಕ್ಷಿ ತೋರಿಸಿದರೆ ದೊಡ್ಡವರು ಒಪ್ಪುತ್ತಾರೆ ಎಂದು ನಂಬಿದೆ. ಆ ನಂಬಿಕೆ ಹೆಚ್ಚು ದಿನ ಉಳಿಯಲಿಲ್ಲ.

ಕಸ್ಟರ್ಡು ಮಾತ್ರ ಅಕ್ಕ ನಮ್ಮ ಸ್ಟೋವಿನ ಮೇಲೆಯೇ ಮಾಡುತ್ತಿದ್ದಳು. ತಣ್ಣಗಿನ ಹಾಲಿನಲ್ಲಿ ಪುಡಿ ಕಲಸಿ, ಕುದಿಯುವ ಹಾಲಿಗೆ ನೂಲಿನಂತೆ ಬಿಡುತ್ತ, ಒಂದೇ ದಿಕ್ಕಿಗೆ ತಿರುವುತ್ತಿದ್ದಳು. ತಿರುವುವಾಗ ಮಾತಾಡಬಾರದು. ಮೇಲೆ ಕಟ್ಟುವ ಹಳದಿ ಕೆನೆಗೆ ನಾನೂ ಅವಳೂ ಜಗಳ. ಬಿಸಿ ಪಾಯದ ಮೇಲೆ ಸುರಿದಾಗ ಕಲ್ಲುಗಳ ಸಂದಿಯಲ್ಲಿ ಕೆಂಪು ರಸ ಮೇಲೆದ್ದು ಹಳದಿಯಲ್ಲಿ ದಾರಿ ಕೊರೆಯುತ್ತಿತ್ತು. ಆ ಬಣ್ಣವನ್ನು ನೋಡುವುದಕ್ಕೇ ಅಕ್ಕ ನಿಧಾನವಾಗಿ ಸುರಿಯುತ್ತಿದ್ದಳು ಎಂದು ಈಗ ಅನಿಸುತ್ತದೆ.

ಹೀಗಿರುವಾಗ ಆಂಟಿ ಒಂದು ಸುದ್ದಿ ತಂದರು. ಊರಿನ ಇನ್ನೊಂದು ತುದಿಯಲ್ಲಿ ಬೇಕರಿ ಕೆಲಸ ಕಲಿಸುವ ಕೋರ್ಸು ಇದೆ. ಮುಗಿಸಿದವರಿಗೆ ಹೋಟೆಲುಗಳಲ್ಲಿ ಕೆಲಸ ಸಿಗುತ್ತದೆ. ಜೂನಿನಲ್ಲಿ ಸೇರಬೇಕು. ಅಕ್ಕ ಆ ರಾತ್ರಿ ಊಟ ಮಾಡಲಿಲ್ಲ, ಹೊಟ್ಟೆ ತುಂಬಿದೆ ಎಂದಳು.

ಅಡ್ಡ ಬಂದದ್ದು ಇದು. ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು. ಅವ್ವನ ತಮ್ಮ ಮಲ್ಲಣ್ಣ ಮಾವನಿಗೆ ನೀಲಕ್ಕನನ್ನು ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಿನಿಂದ ಎಲ್ಲರೂ ಅಂದುಕೊಂಡಿದ್ದರು. ಅಂದುಕೊಂಡಿದ್ದರು ಅಷ್ಟೇ. ಆ ಬೇಸಿಗೆಯಲ್ಲಿ ಅವ್ವನ ಅಪ್ಪ, ನಮ್ಮ ಅಜ್ಜ, ಮಾವನನ್ನು ಕರೆದುಕೊಂಡು ಮಾತಿಗೆ ಬರುವವರಿದ್ದರು. ಅಕ್ಕ ಕೋರ್ಸಿನ ವಿಷಯ ಎತ್ತಿದಾಗ ಅಪ್ಪ ಬೀಡಿ ಆರಿಸಿ ಅವಳ ಕಡೆ ತಿರುಗಿದ.

"ನೋಡು ನೀಲಾ, ಇನ್ನಾ ಬಾಯಿ ಸಿಹಿ ಆಗಿಲ್ಲ. ಸಿಹಿ ಆಗೋತನಕ ಮಾತು ನಮ್ಮ ಕೈಯಾಗೇ ಇರ್ತದ. ಅಜ್ಜ ಬಂದಾಗ ನೀನೇ ಹೇಳು. ಅಂವ ಹೂಂ ಅಂದ್ರ ನಾ ಬ್ಯಾಡ ಅನ್ನಲ್ಲ."

ಬಾಯಿ ಸಿಹಿ ಎಂದರೆ ನಿಮಗೆ ಗೊತ್ತಿರಬಹುದು. ಎರಡೂ ಕಡೆಯವರು ಕೂತು ಮಾತಾಡಿ, ಒಪ್ಪಿದ ಮೇಲೆ ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕುತ್ತಾರೆ. ಸಕ್ಕರೆ ನಾಲಿಗೆ ಮುಟ್ಟಿತೋ, ಮಾತು ಗಟ್ಟಿಯಾಯಿತು. ಆಮೇಲೆ ತೆಗೆಯುವಂತಿಲ್ಲ.

ಅಕ್ಕ ಹೇಳಬೇಕಾದ ಮಾತನ್ನು ನನ್ನನ್ನು ಅಜ್ಜನ ಜಾಗದಲ್ಲಿ ಕೂರಿಸಿ ಅಭ್ಯಾಸ ಮಾಡಿದಳು. ಅಜ್ಜಾ, ನಾ ಬೇಕರಿ ಕೆಲಸ ಕಲೀಬೇಕಂತ ಮಾಡೀನಿ, ಎರಡು ವರ್ಷ ಬಿಟ್ಟು ನೀವು ಏನು ಅಂತೀರೋ ಅದು. ಅಷ್ಟೇ. ನಾನು ತಲೆಗೆ ಟವೆಲು ಸುತ್ತಿಕೊಂಡು, ಕೆಮ್ಮಿ, ಯಾಕ ಕಲೀಬೇಕು ಎಂದು ಕೇಳುವುದು, ಅವಳು ಉತ್ತರ ಕೊಡುವುದು. ಒಂದು ಪ್ರಶ್ನೆಗೂ ಅವಳು ತಡವರಿಸಲಿಲ್ಲ. ಆಮೇಲೆ ಎಷ್ಟೋ ವೇದಿಕೆಗಳಲ್ಲಿ ಎಷ್ಟೋ ಜನರ ವಾದ ಕೇಳಿದ್ದೇನೆ. ಅಷ್ಟು ಸರಳವಾದ, ಅಷ್ಟು ಗಟ್ಟಿಯಾದ ವಾದವನ್ನು ಕೇಳಿಲ್ಲ.

ಆಂಟಿ ಒಂದು ಉಪಾಯ ಕೊಟ್ಟರು. ಹೇಳಿದರೆ ಏನು ಅರ್ಥವಾಗುತ್ತದೆ, ಮೊದಲು ತಿನ್ನಲಿ, ನಿನ್ನ ಕೈ ಏನೆಂದು ತಾತನಿಗೆ ಗೊತ್ತಾಗಲಿ, ಆಮೇಲೆ ಕೇಳು. ಅವರ ಲೋಕದಲ್ಲಿ ಅದು ಸರಿಯಾದ ಉಪಾಯವೇ. ಅಕ್ಕನಿಗೂ ಹಿಡಿಸಿತು. ಅವಳ ಕಣ್ಣಿಗೆ ಅದು ಸಿಹಿಯಾಗಿರಲಿಲ್ಲ. ಅದು ಅವಳ ಕೆಲಸ, ಅವಳ ಸಾಕ್ಷಿ. ಕಸ್ಟರ್ಡು ಡಬ್ಬಿ ತೋರಿಸಿ ನಾನು ಅವ್ವನನ್ನು ಒಪ್ಪಿಸಿದ್ದನ್ನು ಅವಳೂ ನೋಡಿದ್ದಳಲ್ಲ.

ಭಾನುವಾರ ಅಜ್ಜ ಬಂದ. ಬಿಳಿ ಧೋತರ, ಕೈಚೀಲದಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಬಾಯಲ್ಲಿ ಒಂದೂ ಹಲ್ಲಿಲ್ಲದ ನಗು. ಅಜ್ಜ ಅಂದರೆ ನನಗೆ ಪ್ರಾಣ. ವಾದ ಮಾಡುತ್ತೇನೆಂದು ನನ್ನನ್ನು ವಕೀಲವ್ವ ಎಂದು ಕರೆಯುತ್ತಿದ್ದದ್ದು ಅವನೇ. ಮಲ್ಲಣ್ಣ ಮಾವ ಹೊಸ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ಕೂತು, ಯಾರ ಮುಖವನ್ನೂ ನೋಡದೆ ಚಹಾ ಕುಡಿದ.

ಅಕ್ಕ ಆಂಟಿಯ ಅಡುಗೆಮನೆಯಲ್ಲಿ ತಟ್ಟೆಯನ್ನು ಓವನ್ನಿಗಿಟ್ಟು ಸ್ವಲ್ಪ ಹೊತ್ತಾಗಿತ್ತು, ಕರೆಂಟು ಹೋಯಿತು. ಆ ಬೇಸಿಗೆಯಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಅಕ್ಕ ಮುಚ್ಚಳದ ಮೇಲೆ ಅಂಗೈಯಿಟ್ಟು, ಕಾವು ಆರದಿರಲಿ ಎಂಬಂತೆ ನಿಂತುಬಿಟ್ಟಳು. ಆಂಟಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ನಾನು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಕರೆಂಟು ಬಂತು. ನಾವು ಮೂವರೂ ಕೈ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಣಿದೆವು. ಪ್ರಾರ್ಥನೆ ಫಲಿಸಿದ ಕಾರಣಕ್ಕೇ ದೇವರನ್ನು ಬಿಟ್ಟವರು ಲೋಕದಲ್ಲಿ ಹೆಚ್ಚಿಲ್ಲ. ನಾನು ಒಬ್ಬಳು.

ಆಂಟಿ ಇಸ್ತ್ರಿ ಮಾಡಿದ ಬಟ್ಟೆ ಹಾಸಿದ ಟ್ರೇಯಲ್ಲಿ ಪಾಯದ ತಟ್ಟೆ ಹಿಡಿದು ಮುಂದೆ, ಅಕ್ಕ ಕಸ್ಟರ್ಡಿನ ಪಾತ್ರೆ ಹಿಡಿದು ಹಿಂದೆ, ನಾನು ಚಮಚ ಹಿಡಿದು ಕೊನೆಗೆ. ಹಿತ್ತಲು ದಾಟಿ ನಮ್ಮ ಕೋಣೆಗೆ ಮೆರವಣಿಗೆ ಹೋಯಿತು. ಬಾಗಿಲಲ್ಲಿ ಅವ್ವ ಅಡ್ಡ ಬಂದಳು. ಅವಳ ಮುಖ ಒಂದು ಥರ ಆಗಿತ್ತು. ಮೊದಲು ಖಾರ ಕೊಡೋಣ, ಸುಸಲಾ ಮಾಡಿದ್ದೇನೆ, ಅದು ಆದ ಮೇಲೆ ಇದು ಎಂದಳು. ಮಂಡಕ್ಕಿಯ ಸುಸಲಾ, ಹಸಿಮೆಣಸಿನಕಾಯಿ ಹಾಕಿದ್ದು, ಅವಳ ಕೈಯಲ್ಲಿತ್ತು. ಆಂಟಿ ಕೇಳಲಿಲ್ಲ. ಬಿಸಿ ಬಿಸಿ ತಿನ್ನಬೇಕು ಮಾ, ಆರಿಬಿಟ್ಟರೆ ವೇಸ್ಟು ಎಂದು ಅವ್ವನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದರು. ಅವ್ವ ಸುಸಲಾ ತಟ್ಟೆ ಹಿಡಿದುಕೊಂಡೇ ಗೋಡೆಗೆ ಒರಗಿದಳು. ಎಷ್ಟೋ ವರ್ಷದ ಮೇಲೆ ಒಮ್ಮೆ ಹಿಟ್ಟು ನಾದುತ್ತ ತನ್ನಷ್ಟಕ್ಕೆ ಅಂದಳು, ಅವತ್ತು ಖಾರ ಮೊದಲು ಒಳಗೆ ಹೋಗಿದ್ದರೆ ಮಾತು ಅಷ್ಟು ಬೇಗ ಬರುತ್ತಿರಲಿಲ್ಲ ಎಂದು.

ಅಕ್ಕ ಸುರಿದಳು. ಕೆಂಪು ಹಳದಿಯಲ್ಲಿ ಹರಿಯಿತು. ಅಜ್ಜ ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ. ಅವನ ಬೋಳು ಒಸಡುಗಳ ನಡುವೆ ಅದು ಕರಗುವುದು ನಮಗೆಲ್ಲ ಕಾಣುತ್ತಿತ್ತು.

"ಹಲ್ಲಿಲ್ದಂವಗ ದೇವ್ರೇ ಮಾಡಿ ಕೊಟ್ಟಂಗದ," ಎಂದ. "ಏ ಮಲ್ಲ್ಯಾ, ತಿನ್ನೋ. ನಿಮ್ಮವ್ವ ಸತ್ತ ಮ್ಯಾಲ ಇಂಥಾದ್ದು ತಿಂದಿಲ್ಲ ನಾ."

ಮಾವ ತಿಂದ. ಅಪ್ಪ ತಿಂದ. ಅಜ್ಜ ಇನ್ನೊಮ್ಮೆ ಹಾಕಿಸಿಕೊಂಡ. ಅಕ್ಕನ ಕಿವಿಯವರೆಗೂ ಕೆಂಪೇರಿತ್ತು. ಪಾತ್ರೆ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಅಭ್ಯಾಸ ಮಾಡಿದ ಮಾತನ್ನು ಹೇಳಲು ಬಾಯಿ ತೆರೆದಳು. ಅಜ್ಜಾ, ಎಂದಳು.

ಅಜ್ಜ ಕೈಯೆತ್ತಿ ಅವಳ ತಲೆಯ ಮೇಲಿಟ್ಟ. ಅಪ್ಪನ ಕಡೆ ತಿರುಗಿದ.

"ಇನ್ನ ಸಕ್ಕರಿ ಯಾಕ ಬೇಕು? ಹುಡುಗಿ ಕೈಯಾಗಿನ ಸಿಹಿನೇ ತಿಂದೀವಿ. ಎಲ್ಲಾರ್ದೂ ಬಾಯಿ ಸಿಹಿ ಆಯ್ತು. ಮಾತು ಆಯ್ತು."

ಆಂಟಿಗೆ ಏನೂ ಅರ್ಥವಾಗಲಿಲ್ಲ, ಹೊಗಳಿಕೆ ಎಂದುಕೊಂಡು ನಗುತ್ತಿದ್ದರು. ಅಪ್ಪ ಕೈಯಲ್ಲಿದ್ದ ಚಮಚವನ್ನು ನೋಡಿದ. ಅದರಲ್ಲಿ ಇನ್ನೂ ಅರ್ಧ ಉಳಿದಿತ್ತು. ನುಂಗಿದ್ದನ್ನು ಉಗುಳುವಂತಿರಲಿಲ್ಲ.

ನಾನು ಎದ್ದು ನಿಂತೆ. ತಿಂದ ತಕ್ಷಣ ಒಪ್ಪಿದ ಹಾಗೆ ಹೇಗಾಗುತ್ತದೆ, ಅಕ್ಕ ಏನೋ ಹೇಳುವವಳಿದ್ದಾಳೆ ಎಂದೆ. ಅಜ್ಜ ನಕ್ಕ. ಚಹಾದಲ್ಲೂ ಸಕ್ಕರೆ ಇತ್ತಲ್ಲ, ಆಗಲೇ ಯಾಕೆ ಮಾತು ಆಗಲಿಲ್ಲ ಎಂದೆ. ಚಹಾ ಚಹಾನೇ ವಕೀಲವ್ವ, ಸಿಹಿ ಸಿಹಿನೇ ಎಂದ. ಮಾವನೂ ನಕ್ಕ. ಆಗ ನನಗೆ ಒಂದು ದಾರಿ ಹೊಳೆಯಿತು. ಅದು ಹೇಗೆ ಹೊಳೆಯಿತೋ. ಇದು ಅಕ್ಕನ ಕೈಯ ಸಿಹಿಯೇ ಅಲ್ಲ ಎಂದೆ. ಆಂಟಿಯ ಓವನ್ನು, ಆಂಟಿಯ ಬೆಣ್ಣೆ, ಆಂಟಿಯ ಹಣ್ಣು. ಆಂಟಿ ಮಾಡಿದ್ದು. ಹೊರಗಿನವರು ಮಾಡಿದ್ದು ತಿಂದರೆ ಅಕ್ಕನ ಮಾತು ಹೇಗೆ ಆಗುತ್ತದೆ?

ಅಜ್ಜನ ನಗು ನಿಂತಿತು. ಅವನು ನ್ಯಾಯಸ್ಥ. ಊರಲ್ಲಿ ಪಂಚಾಯಿತಿಗೆ ಕೂರುವವನು. ಹೌದೇನು ಎಂದು ಆಂಟಿಯ ಮುಖ ನೋಡಿದ.

ಆಂಟಿ ಎದೆ ಮುಟ್ಟಿಕೊಂಡರು. ಪಾಪ, ತಮ್ಮ ಶಿಷ್ಯೆಯ ಕೀರ್ತಿಯನ್ನು ನಾನು ಕಿತ್ತು ಅವರಿಗೆ ಕೊಡುತ್ತಿದ್ದೇನೆಂದು ಅವರಿಗೆ ಸಿಟ್ಟೇ ಬಂದಿತ್ತು.

"ನೋ ನೋ ತಾತಾ. ನಾನು ಸ್ಪೂನ್ ಕೂಡ ಮುಟ್ಟಿಲ್ಲ. ಎಲ್ಲಾ ನೀಲಾನೇ. ಈ ಥರ ನನಗೂ ಬರಲ್ಲ."

ಅಜ್ಜ ಆಂಟಿಯ ಮಾತನ್ನೇ ಒಪ್ಪಿಬಿಡಬಹುದಿತ್ತು. ಒಪ್ಪಲಿಲ್ಲ. ನ್ಯಾಯಸ್ಥ ಎಂದೆನಲ್ಲ. ಅಕ್ಕನ ಕಡೆಗೇ ತಿರುಗಿ, ಬಹಳ ಮೆಲ್ಲಗೆ ಕೇಳಿದ.

"ನೀ ಹೇಳವ್ವ. ಯಾರು ಮಾಡಿದ್ದು ಇದು?"

ನಾನು ಅಕ್ಕನ ಕಣ್ಣಲ್ಲಿ ಕಣ್ಣಿಟ್ಟು, ಆಂಟಿ ಅನ್ನು, ಆಂಟಿ ಅನ್ನು ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಅವಳಿಗೂ ಗೊತ್ತಿತ್ತು. ನಾನು ಬಾಗಿಲು ತೆರೆದು ಹಿಡಿದುಕೊಂಡಿರುವುದು ಅವಳಿಗೆ ಕಾಣುತ್ತಿತ್ತು. ಅವಳು ತಟ್ಟೆಯನ್ನು ನೋಡಿದಳು. ಗರಿಗರಿ ಮುದ್ದೆಗಳು, ಸಂದಿಯಲ್ಲಿ ಕೆಂಪು, ಅಂಚಿನಲ್ಲಿ ಸೀದು ಅಂಟಿದ ಸಕ್ಕರೆ. ಅವಳು ಹುಟ್ಟಿದಾಗಿನಿಂದ ಅಲ್ಲಿಯವರೆಗೆ, ಇದು ಯಾರು ಮಾಡಿದ್ದು ಎಂದು ಯಾರೂ ಅವಳನ್ನು ಕೇಳಿರಲಿಲ್ಲ.

"ನಾನೇ ಅಜ್ಜಾ," ಎಂದಳು. "ನಾನೇ ಮಾಡೀನಿ."

ಮುಗಿಯಿತು.

ಜೂನಿನಲ್ಲಿ ಮದುವೆಯಾಯಿತು. ಊರಿಗೆ ಹೊರಟ ದಿನ ಕಂಟೋನ್ಮೆಂಟ್ ಸ್ಟೇಷನ್ನಿಗೆ ಆಂಟಿಯೂ ಬಂದಿದ್ದರು. ಅಷ್ಟರಲ್ಲಿ ಅವರಿಗೆ ಎಲ್ಲ ತಿಳಿದಿತ್ತು. ಅಕ್ಕನ ಕೈಗೆ ಅದೇ ಅಲ್ಯೂಮಿನಿಯಂ ತಟ್ಟೆಯನ್ನೂ ಒಂದು ಕಸ್ಟರ್ಡು ಡಬ್ಬಿಯನ್ನೂ ಕೊಟ್ಟು, ಏನೋ ಹೇಳಲು ಹೋಗಿ ತಮಿಳಿನಲ್ಲಿ ಅತ್ತರು. ಅಕ್ಕ ಅಳಲಿಲ್ಲ. ಆಂಟಿಯ ಕೆನ್ನೆ ಒರೆಸಿ, ಓವನ್ನಿನ ಗಾಜು ವಾರಕ್ಕೊಮ್ಮೆ ಸೋಡಾ ಹಾಕಿ ಉಜ್ಜಿ, ಇಲ್ಲಾಂದ್ರೆ ಒಳಗೆ ಕಾಣಲ್ಲ ಎಂದಳು.

ಮಲ್ಲಣ್ಣ ಮಾವ ಕೆಟ್ಟವನಾಗಿದ್ದರೆ ನನ್ನ ವಾದ ಸುಲಭವಾಗುತ್ತಿತ್ತು. ಅವನು ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಅಕ್ಕನಿಗೆ ಜ್ವರ ಬಂದರೆ ತಾನೇ ಗಂಜಿ ಕಾಯಿಸುತ್ತಾನೆ. ಅಜ್ಜನೂ ಸಾಯುವವರೆಗೆ ಅವಳನ್ನು ಮಗಳಂತೆ ನೋಡಿಕೊಂಡ. ಹಾಗಾದರೆ ನಿನ್ನ ತಕರಾರು ಏನು ಎಂದು ಎದುರು ಪಕ್ಷದವರು ಕೇಳಬಹುದು. ಕೇಳಿದ್ದಾರೆ, ನಮ್ಮ ಮನೆಯಲ್ಲೇ. ನಾನು ಕೊಟ್ಟ ಉತ್ತರಗಳೆಲ್ಲ ಚೆನ್ನಾಗಿಯೇ ಇದ್ದವು. ಯಾವುದೂ ಅಕ್ಕನ ಕೆಲಸಕ್ಕೆ ಬರಲಿಲ್ಲ.

ಆ ಭಾನುವಾರದ ನಂತರ ಹತ್ತು ವರ್ಷ ಕಳೆದಿರಬೇಕು, ನಾನು ಡಿಗ್ರಿ ಓದುತ್ತಿದ್ದಾಗ, ಬೇಸಿಗೆ ರಜೆಗೆ ಅಕ್ಕನ ಊರಿಗೆ ಹೋದೆ. ಹೋಗುವಾಗ ಒಂದು ಚೀಲ ಪ್ಲಮ್ ಹಣ್ಣು, ಕಸ್ಟರ್ಡು ಪುಡಿ ಒಯ್ದೆ. ಓವನ್ನಿಲ್ಲದಿದ್ದರೇನು, ಪಾತ್ರೆಗೆ ಮರಳು ಹಾಕಿ, ಮುಚ್ಚಳದ ಮೇಲೆ ಕೆಂಡ ಇಟ್ಟು ಮಾಡಬಹುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಮನೆಯ ಅಂಗಳದಲ್ಲಿ ಆಂಟಿ ಕೊಟ್ಟ ತಟ್ಟೆ ಕಂಡಿತು. ಅದರ ತುಂಬ ಕೆಂಪು ಮೆಣಸಿನಕಾಯಿ ಒಣಗಲು ಹಾಕಿದ್ದರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ನಾನು ಹಣ್ಣಿನ ಚೀಲ ಬಿಚ್ಚಿ, ಅಕ್ಕಾ, ಸಂಜೆ ಪಾಯ ಮಾಡೇ ಎಂದೆ. ಅವಳ ಮಗಳು ಗೌರಿ, ಎಂಟು ವರ್ಷದ್ದು, ಕಿಸಕ್ಕನೆ ನಕ್ಕಿತು.

"ಚಿಗವ್ವಾ, ನಮ್ಮವ್ವಗ ಸಿಹಿ ಮಾಡ್ಲಿಕ್ಕೆ ಬರಲ್ಲ. ಹಬ್ಬಕ್ಕ ಹೋಳಿಗಿ ಸುದ್ದಾ ಬಾಜು ಮನಿಯವರೇ ಮಾಡಿ ಕೊಡ್ತಾರ."

ಮಾವನೂ ನಗುತ್ತ ತಲೆಯಾಡಿಸಿದ. ಖಾರದಲ್ಲಿ ಇವಳ ಕೈಯ ಸಮ ಯಾರೂ ಇಲ್ಲ, ಸಿಹಿ ಮಾತ್ರ ಕೇಳಬೇಡ ಎಂದ. ನನಗೆ ನೆತ್ತಿಗೇರಿತು. ಮಾವಾ, ಅವತ್ತು ಕಾಕ್ಸ್‌ಟೌನಿನಲ್ಲಿ ತಿಂದದ್ದು ಮರೆತೆಯಾ, ಅಜ್ಜ ಎರಡೆರಡು ಸಲ ಹಾಕಿಸಿಕೊಂಡದ್ದು ಎಂದೆ. ಮಾವ ತುತ್ತು ತಡೆದು ನೆನಪಿಸಿಕೊಂಡ. ಹೌದೌದು, ಏನು ರುಚಿ ಇತ್ತು ಅದು ಎಂದ. ಆದರೆ ಅದು ಆ ಆಂಟಿ ಮಾಡಿದ್ದಲ್ಲವಾ ಎಂದು ಅಕ್ಕನನ್ನೇ ಕೇಳಿದ. ಅವನು ಕುಹಕದಿಂದ ಕೇಳಲಿಲ್ಲ. ನಿಜವಾಗಿಯೂ ಮರೆತಿದ್ದ.

ಅಕ್ಕ ಅವನ ತಟ್ಟೆಗೆ ರೊಟ್ಟಿ ಹಾಕುತ್ತಿದ್ದಳು. ದುಂಡಗಿನ, ಒಂದು ಬಿರುಕಿಲ್ಲದ ರೊಟ್ಟಿ.

"ಹೂಂ," ಎಂದಳು. "ಆಂಟಿ ಮಾಡಿದ್ದು."

ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. ಸಾಕ್ಷಿಯೂ ಇತ್ತು, ತಟ್ಟೆ ಅಂಗಳದಲ್ಲೇ ಇತ್ತು. ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಹತ್ತು ವರ್ಷದ ಹಿಂದೆ ನಾನು ಅವಳನ್ನು ನೋಡಿದ ಹಾಗೆಯೇ. ನಾನು ಚೀಲದ ಬಾಯಿ ಕಟ್ಟಿದೆ. ಸಂಜೆ ಮಕ್ಕಳು ಪ್ಲಮ್ ಹಣ್ಣಿಗೆ ಉಪ್ಪು ಖಾರ ಹಚ್ಚಿಕೊಂಡು ತಿಂದರು.

ಐರಿನ್ ಆಂಟಿ ಈಗಿಲ್ಲ. ಆ ಮನೆಯ ಜಾಗದಲ್ಲಿ ಫ್ಲಾಟುಗಳು ಬಂದಿವೆ. ಸೀಬೆ ಗಿಡ ಇದ್ದಲ್ಲಿ ಕಾರು ನಿಲ್ಲಿಸುತ್ತಾರೆ. ಕಳೆದದ್ದನ್ನು ಹೇಳುವಾಗ ಜನ ಇಂಥವುಗಳ ಪಟ್ಟಿ ಕೊಡುತ್ತಾರೆ, ನಾನೂ ಕೊಟ್ಟೆ. ಆದರೆ ಹೆಂಚಿನ ಮನೆ ಹೋದರೆ ಇನ್ನೊಂದು ಹೆಂಚಿನ ಮನೆ ಸಿಕ್ಕೀತು, ಪ್ಲಮ್ ಹಣ್ಣು ಪ್ರತಿ ಮೇ ತಿಂಗಳು ಬರುತ್ತದೆ, ಕಸ್ಟರ್ಡು ಪುಡಿ ಇವತ್ತಿಗೂ ಮೂಲೆ ಅಂಗಡಿಯಲ್ಲಿದೆ. ಆ ಕೋಣೆಯಲ್ಲಿ, ಅಷ್ಟು ಜನ ದೊಡ್ಡವರ ಮುಂದೆ, ತನ್ನ ಕೆಲಸದ ತಟ್ಟೆಯನ್ನು ನೋಡಿ ಒಬ್ಬ ಹುಡುಗಿ ನಾನೇ ಎಂದಿದ್ದಳು. ಆ ಒಂದು ಮಾತಿಗೆ ಅವಳು ಎಲ್ಲವನ್ನೂ ಕೊಟ್ಟಳು. ಈಗ ಆ ಮಾತೂ ಅವಳ ಹತ್ತಿರ ಇಲ್ಲ.